ಚಕ್ರದ ಮೇಲಿನ ಮನೆ: ಕಾರ್ಖಾನೆಯಿಂದ ಕೊಳ್ಳುವುದೋ, ಕಟ್ಟಿಸಿಕೊಳ್ಳುವುದೋ?

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟವರಿಗೆ ಪೀಣ್ಯ, ದಾಸರಹಳ್ಳಿಗಳನ್ನು ದಾಟಿ ನೆಲಮಂಗಲವನ್ನು ಸೇರುವ ಮೊದಲು ಮಾದನಾಯಕನಹಳ್ಳಿ ಸಿಕ್ಕುತ್ತದೆ. ಹೆದ್ದಾರಿಯ ಎರಡು ಬದಿಗಳಲ್ಲಿಯೂ ಉಗ್ರಾಣಗಳು, ಕಾರ್ಖಾನೆಗಳು, ಲಾರಿಗಳ ಸಾಲು, ಗ್ಯಾರೇಜುಗಳು, ವೆಲ್ಡಿಂಗಿನ ಕಿಡಿ. ಸ್ವಲ್ಪ ಮುಂದೆ ನೆಲಮಂಗಲದಲ್ಲಿ ದಾರಿ ಕವಲೊಡೆಯುತ್ತದೆ. ಒಂದು ತುಮಕೂರು, ಚಿತ್ರದುರ್ಗಗಳ ಕಡೆಗೆ, ಇನ್ನೊಂದು ಹಾಸನ, ಸಕಲೇಶಪುರಗಳ ಮೂಲಕ ಘಟ್ಟವಿಳಿದು ಮಂಗಳೂರಿಗೆ. ರಜೆಯ ದಿನಗಳಲ್ಲಿ ಮಲೆನಾಡಿಗೂ ಕರಾವಳಿಗೂ ಹೊರಡುವ ಅಸಂಖ್ಯ ಜನ ಈ ಹಾದಿಯನ್ನೇ ಹಿಡಿಯುತ್ತಾರೆ. ಅವರಲ್ಲಿ ಕೆಲವರಿಗೆ ಈಚೆಗೆ ಒಂದು ಹೊಸ ಆಸೆ ಹುಟ್ಟಿದೆ. ಹೋಟೆಲಿನ ಕೊಠಡಿಯನ್ನು ಅರಸದೆ, ಹಾಸಿಗೆ, ಒಲೆ, ನೀರು, ದೀಪಗಳನ್ನೆಲ್ಲ ತಮ್ಮ ವ್ಯಾನಿನಲ್ಲಿಯೇ ಕೊಂಡೊಯ್ಯಬೇಕೆಂಬುದೇ ಆ ಆಸೆ. ಇಂತಹ ವಾಹನವನ್ನು ಕ್ಯಾಂಪರ್‌ವ್ಯಾನು ಎಂದೂ ಕ್ಯಾರವಾನ್ ಎಂದೂ ಕರೆಯುವುದು ವಾಡಿಕೆ.

ಆಸೆ ಹುಟ್ಟಿದೊಡನೆ ಪ್ರಶ್ನೆಯೂ ಹುಟ್ಟುತ್ತದೆ. ಕಾರ್ಖಾನೆಯಲ್ಲಿಯೇ ಪೂರ್ಣವಾಗಿ ಸಿದ್ಧವಾದ ವಾಹನವನ್ನು ಕೊಳ್ಳಬೇಕೆ? ಅಥವಾ ಖಾಲಿ ವ್ಯಾನೊಂದನ್ನು ಕೊಂಡು, ಬಾಡಿ ಕಟ್ಟುವ ಕುಶಲಿಗಳ ಕೈಯಿಂದ ಮನೆಯಾಗಿ ಮಾರ್ಪಡಿಸಿಕೊಳ್ಳಬೇಕೆ? ಮೊದಲನೆಯದು ದುಬಾರಿ, ಎರಡನೆಯದು ಅಗ್ಗ ಎಂದು ಹೇಳಿ ಜನ ಈ ಪ್ರಶ್ನೆಯನ್ನು ಮುಗಿಸಿಬಿಡುವುದುಂಟು. ಆದರೆ ಇದು ಬೆಲೆಯೊಂದರಿಂದಲೇ ಬಿಡಿಸತಕ್ಕ ಪ್ರಶ್ನೆಯಲ್ಲ. ಹೈಸ್ಕೂಲಿನ ಭೌತಶಾಸ್ತ್ರವನ್ನು ಬಲ್ಲವರು ಇದನ್ನು ಹೆಚ್ಚು ಚೆನ್ನಾಗಿ ಬಿಡಿಸಬಲ್ಲರು. ಹೇಗೆಂಬುದನ್ನು ವಿಚಾರಿಸೋಣ.

ಹಳೆಯ ಪದ್ಧತಿ

ಚಕ್ರದ ಮೇಲೆ ಮನೆ ಕಟ್ಟುವ ವಿಚಾರ ಹೊಸದಲ್ಲ. 1885ರಲ್ಲಿ ಗೋರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಗಾಡಿ ಕಾರ್ಖಾನೆಯೊಂದರಲ್ಲಿ ಕುದುರೆ ಎಳೆಯುವ ಪ್ರವಾಸದ ಮನೆಯೊಂದನ್ನು ಕಟ್ಟಿಸಿ, ಅದರಲ್ಲಿ ಸ್ಕಾಟ್ಲೆಂಡಿನವರೆಗೆ ಪ್ರಯಾಣ ಮಾಡಿದರು. ಮೋಟಾರು ಯುಗದಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆ 1950ರಲ್ಲಿ ತನ್ನ ಪೆಟ್ಟಿಗೆಯಾಕಾರದ ವ್ಯಾನನ್ನು ಹೊರತಂದಾಗ, ಅದರೊಳಗೆ ಹಾಸಿಗೆ, ಬೀರುಗಳ ಸರಂಜಾಮನ್ನು 1951ರಲ್ಲಿ ಜೋಡಿಸಿಕೊಟ್ಟುದು ವೆಸ್ಟ್‌ಫಾಲಿಯ ಎಂಬ ಬೇರೆಯೇ ಸಂಸ್ಥೆ. ಎಂದರೆ, ಇಂದು ಜಗತ್ತು 'ಕಾರ್ಖಾನೆಯ ಕ್ಯಾಂಪರ್' ಎಂದು ನೆನೆಯುವ ವಾಹನವೂ ಹುಟ್ಟಿನಲ್ಲಿ ಒಬ್ಬರ ವ್ಯಾನನ್ನು ಇನ್ನೊಬ್ಬರು ಮಾರ್ಪಡಿಸಿದ್ದೇ ಆಗಿತ್ತು.

ನಮ್ಮ ನಾಡಿಗೂ ಈ ವಿಭಜನೆ ಅಪರಿಚಿತವಲ್ಲ. ಬಸ್ಸು, ಲಾರಿಗಳ ವಿಷಯದಲ್ಲಿ ಒಂದು ಕಡೆ ಷಾಸಿಯನ್ನು ಕೊಂಡು, ಇನ್ನೊಂದು ಕಡೆ ಬಾಡಿ ಕಟ್ಟಿಸುವುದು ಬಹುಕಾಲದ ಪದ್ಧತಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ ರೈಲು ಬೋಗಿಗಳೊಡನೆ ಬಸ್ಸಿನ ಬಾಡಿಗಳನ್ನು ಕಟ್ಟಿತು. ಆದುದರಿಂದ ನಮ್ಮಲ್ಲಿ ಕೈಗಾರಿಕೆಗೆ ಬೇಕಾದ ಕುಶಲತೆಗೆ ಕೊರತೆಯಿಲ್ಲ. ಆದರೆ ಬಸ್ಸಿನ ಬಾಡಿ ಬೇರೆ, ಮನೆ ಬೇರೆ. ಮನೆಯೊಳಗೆ ನೀರು, ಬೆಂಕಿ, ವಿದ್ಯುತ್ತು ಮತ್ತು ನಿದ್ರಿಸುವ ಮನುಷ್ಯ ಈ ನಾಲ್ಕೂ ಸೇರುತ್ತವೆ. ಅಪಾಯವೂ ಅಲ್ಲಿಯೇ ಇದೆ.

ತೂಕದ ಲೆಕ್ಕ

ಪ್ರತಿಯೊಂದು ವಾಹನಕ್ಕೂ ತಯಾರಕರು ಒಂದು ಗರಿಷ್ಠ ಒಟ್ಟು ತೂಕವನ್ನು ಗೊತ್ತುಮಾಡಿರುತ್ತಾರೆ. ಬ್ರೇಕು, ಸ್ಪ್ರಿಂಗು, ಟಯರುಗಳೆಲ್ಲ ಆ ತೂಕಕ್ಕಾಗಿಯೇ ರಚಿತವಾಗಿರುತ್ತವೆ. ಎಣಿಕೆಯ ಸೌಕರ್ಯಕ್ಕಾಗಿ ಒಂದು ವ್ಯಾನಿನ ಗರಿಷ್ಠ ತೂಕ 3,500 ಕಿಲೋಗ್ರಾಂ ಎಂದೂ ಚಾಲಕನೊಡನೆ ಖಾಲಿ ವ್ಯಾನಿನ ತೂಕ 2,300 ಕಿಲೋಗ್ರಾಂ ಎಂದೂ ಭಾವಿಸೋಣ. ಉಳಿದುದು 1,200 ಕಿಲೋಗ್ರಾಂ. ಧಾರಾಳವಾಗಿಯೇ ಇದೆಯಲ್ಲವೆ?

ಈಗ ಮನೆಯನ್ನು ತುಂಬೋಣ. ಎಂಟಡಿ ಉದ್ದ, ನಾಲ್ಕಡಿ ಅಗಲ, 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆಯೊಂದು ಸುಮಾರು 34 ಕಿಲೋಗ್ರಾಂ ತೂಗುತ್ತದೆ. ಅಂತಹ ಎಂಟು ಹಲಗೆಗಳಿಗೆ 270. ಕಬ್ಬಿಣದ ಚೌಕಟ್ಟಿಗೆ 100. ಹಾಸಿಗೆ, ದಿಂಬು, ಮೆತ್ತೆಗಳಿಗೆ 60. ಕಿಟಕಿಗಳು ಮತ್ತು ಶಾಖನಿರೋಧಕ ಪದರಗಳಿಗೆ 60. ನೂರು ಲೀಟರ್ ನೀರಿಗೆ 100. ಮನೆಗಳಲ್ಲಿ ಯು.ಪಿ.ಎಸ್.ಗೆ ಬಳಸುವಂತಹ ಎರಡು ದೊಡ್ಡ ಬ್ಯಾಟರಿಗಳಿಗೆ 105. ಎ.ಸಿ., ಫ್ರಿಜ್, ಒಲೆ, ಸಿಲಿಂಡರುಗಳಿಗೆ 80. ಸೌರಫಲಕ ಮತ್ತು ನೆರಳಿನ ಚಪ್ಪರಕ್ಕೆ 55. ಚಾಲಕನಲ್ಲದೆ ಮೂವರಿಗೆ 225. ಬಟ್ಟೆಬರೆ, ಪಾತ್ರೆಪಡಗಗಳಿಗೆ 100. ಕೂಡಿದರೆ 1,155 ಕಿಲೋಗ್ರಾಂ! ಉಳಿದುದು ಬರಿಯ 45. ಯಾವುದೊಂದು ವಸ್ತುವೂ ಅತಿಯಾಗಿ ತೋರಲಿಲ್ಲ; ಮೊತ್ತ ಮಾತ್ರ ಅಂಚಿಗೆ ಬಂದು ನಿಂತಿತು. ಇನ್ನೊಬ್ಬ ನಂಟರನ್ನು ಹತ್ತಿಸಿಕೊಂಡರೆ ಮಿತಿ ಮೀರಿತು.

ಒಟ್ಟು ತೂಕ ಮಿತಿಯೊಳಗಿದ್ದರೂ ಸಾಲದು. ಅದು ಎಲ್ಲಿ ಕುಳಿತಿದೆಯೆಂಬುದೂ ಮುಖ್ಯ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಮೂರೂವರೆ ಮೀಟರ್ ದೂರವಿರಲಿ. ನೂರು ಕಿಲೋಗ್ರಾಂ ನೀರಿನ ತೊಟ್ಟಿಯನ್ನು ಹಿಂದಿನ ಅಚ್ಚಿನಿಂದ ಒಂದು ಮೀಟರ್ ಹಿಂದಕ್ಕೆ ಇಟ್ಟೆವೆನ್ನಿ. ಸನ್ನೆಯ ನಿಯಮವನ್ನು ಇಲ್ಲಿ ಪ್ರಯೋಗಿಸಿ. ಮುಂದಿನ ಅಚ್ಚಿನಿಂದ ತೊಟ್ಟಿಗೆ ನಾಲ್ಕೂವರೆ ಮೀಟರ್. ಆದುದರಿಂದ ಹಿಂದಿನ ಅಚ್ಚಿನ ಮೇಲೆ ಹೆಚ್ಚುವ ಹೊರೆ ನೂರನ್ನು ನಾಲ್ಕೂವರೆಯಿಂದ ಗುಣಿಸಿ ಮೂರೂವರೆಯಿಂದ ಭಾಗಿಸಿದಷ್ಟು, ಅಂದರೆ ಸುಮಾರು 129 ಕಿಲೋಗ್ರಾಂ. ಹೆಚ್ಚುವರಿ 29 ಎಲ್ಲಿಂದ ಬಂತು? ಮುಂದಿನ ಅಚ್ಚಿನಿಂದ! ತಕ್ಕಡಿಯ ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏಳುವಂತೆ ಮುಂದಿನ ಚಕ್ರಗಳು ಅಷ್ಟು ಹಗುರವಾಗುತ್ತವೆ. ದಿಕ್ಕನ್ನು ತಿರುಗಿಸುವುದು ಮುಂದಿನ ಚಕ್ರಗಳೇ ಆದುದರಿಂದ, ಮಳೆಯಲ್ಲಿ ನೆನೆದ ರಸ್ತೆಯಲ್ಲಿ ಇದು ಅಲ್ಪ ಸಂಗತಿಯಲ್ಲ.

ಎತ್ತರವೂ ತಿರುವೂ

ವಸ್ತುವೊಂದು ಓರೆಯಾದಾಗ ಅದರ ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ತಳಹದಿಯೊಳಗೆ ಬೀಳುವವರೆಗೆ ಅದು ಮಗುಚುವುದಿಲ್ಲವೆಂದು ನಾವು ಓದಿದ್ದೇವೆ. ನಮ್ಮ ವ್ಯಾನಿನ ಎಡಬಲ ಚಕ್ರಗಳ ನಡುವಣ ಅಗಲ 1.7 ಮೀಟರ್, ಖಾಲಿಯಾಗಿದ್ದಾಗ ಗುರುತ್ವಕೇಂದ್ರ ನೆಲದಿಂದ 0.75 ಮೀಟರ್ ಮೇಲೆ ಎಂದುಕೊಳ್ಳೋಣ. ಅಗಲದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ಮಗುಚುವ ಕೋನದ ಟ್ಯಾಂಜೆಂಟ್ ದೊರೆಯುತ್ತದೆ. ಆ ಕೋನ ಸುಮಾರು 49 ಡಿಗ್ರಿ.

ಈಗ ಎ.ಸಿ., ಸೌರಫಲಕ, ಚಪ್ಪರಗಳೆಂದು ನೂರು ಕಿಲೋಗ್ರಾಂ ಸಾಮಾನನ್ನು 2.6 ಮೀಟರ್ ಎತ್ತರದ ಛಾವಣಿಗೆ ಏರಿಸೋಣ. ಅಷ್ಟರಿಂದಲೇ ಗುರುತ್ವಕೇಂದ್ರ ಸುಮಾರು ಎಂಟು ಸೆಂಟಿಮೀಟರ್ ಮೇಲೇರುತ್ತದೆ. ಒಳಗಿನ ಬೀರು, ಅಟ್ಟಗಳ 600 ಕಿಲೋಗ್ರಾಂ ಸರಾಸರಿ 1.4 ಮೀಟರ್ ಎತ್ತರದಲ್ಲಿದ್ದರೆ ಅದು 0.94 ಮೀಟರಿಗೆ ಬರುತ್ತದೆ. ಮಗುಚುವ ಕೋನ 42 ಡಿಗ್ರಿಗೆ ಇಳಿಯುತ್ತದೆ. ನಿಜವಾದ ವಾಹನದಲ್ಲಿ ಸ್ಪ್ರಿಂಗುಗಳೂ ಟಯರುಗಳೂ ಬಾಗುವುದರಿಂದ ಈ ಕೋನ ಇನ್ನೂ ಕಡಮೆ. ಚಾರ್ಮಾಡಿಯ ಅಥವಾ ಆಗುಂಬೆಯ ತಿರುವುಗಳಲ್ಲಿ ವ್ಯಾನು ಹೊರಕ್ಕೆ ವಾಲುವಾಗ ಈ ಏಳು ಡಿಗ್ರಿಗಳ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಭಾರವಾದುದು ಕೆಳಗೆ, ಹಗುರವಾದುದು ಮೇಲೆ, ಎರಡು ಬದಿಗಳಿಗೂ ಸಮನಾಗಿ: ಎತ್ತಿನಗಾಡಿಗೆ ಹುಲ್ಲು ಹೇರುವ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಗಾಡಿ ನಿಂತರೂ ಸಾಮಾನು ನಿಲ್ಲದು

ಇನ್ನು ಜಡತ್ವದ ವಿಚಾರ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ವ್ಯಾನು ಡಿಕ್ಕಿ ಹೊಡೆದು ಅರ್ಧ ಮೀಟರ್ ದೂರದಲ್ಲಿ ನಿಂತಿತೆನ್ನಿ. ಒಳಗಿರುವ 20 ಲೀಟರಿನ ನೀರಿನ ಕ್ಯಾನನ್ನು ಅಷ್ಟರಲ್ಲಿಯೇ ಹಿಡಿದು ನಿಲ್ಲಿಸಲು ಬೇಕಾದ ಬಲ ಸುಮಾರು 3,900 ನ್ಯೂಟನ್. ಅಂದರೆ 390 ಕಿಲೋಗ್ರಾಂ ಭಾರದಷ್ಟು. ಇಪ್ಪತ್ತು ಕಿಲೋಗ್ರಾಮಿನ ಕ್ಯಾನು ಆ ಗಳಿಗೆಯಲ್ಲಿ ಇಪ್ಪತ್ತು ಪಟ್ಟು ತೂಗುತ್ತದೆ. ಬ್ಯಾಟರಿಗೂ ಬೀರುವಿಗೂ ಇದೇ ಲೆಕ್ಕ. ಮರದ ಸ್ಕ್ರೂಗಳಿಂದ ತೆಳು ತಗಡಿಗೆ ಬಿಗಿದ ಬೀರು ಈ ಎಳೆತವನ್ನು ತಡೆಯಲಾರದು. ಮನುಷ್ಯನೂ ಒಂದು ವಸ್ತುವೇ. ಷಾಸಿಗೆ ಬಂಧಿಸದೆ ಪ್ಲೈವುಡ್ ಪೆಟ್ಟಿಗೆಗೆ ಜೋಡಿಸಿದ ಸೀಟುಬೆಲ್ಟು ನೋಟಕ್ಕೆ ಮಾತ್ರ ಬೆಲ್ಟು. ಗಾಡಿ ಓಡುವಾಗ ಹಾಸಿಗೆಯ ಮೇಲೆ ಮಕ್ಕಳನ್ನು ಮಲಗಿಸುವುದಂತೂ ಯಾವ ವಾಹನದಲ್ಲಿಯೂ ಸಲ್ಲದು.

ಮನೆಯ ತಂತಿ ವ್ಯಾನಿಗೆ ಸಾಲದು

ನಮ್ಮ ಮನೆಗಳಲ್ಲಿ ವಿದ್ಯುತ್ತಿನ ಒತ್ತಡ 230 ವೋಲ್ಟ್; ವ್ಯಾನಿನ ಬ್ಯಾಟರಿಯದು 12 ವೋಲ್ಟ್. 1,200 ವ್ಯಾಟಿನ ಒಂದು ಉಪಕರಣ ಮನೆಯಲ್ಲಿ ಸುಮಾರು ಐದು ಆಂಪಿಯರ್ ಪ್ರವಾಹವನ್ನು ಎಳೆದರೆ, ಅಷ್ಟೇ ಸಾಮರ್ಥ್ಯವನ್ನು ಬ್ಯಾಟರಿಯಿಂದ ಪಡೆಯಲು ನೂರು ಆಂಪಿಯರ್ ಬೇಕು. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದೆಂಬುದು ಜೂಲನ ನಿಯಮ. ಮನೆಯ ಪ್ಲಗ್ಗುಗಳಿಗೆ ಎಳೆಯುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಹೋಗಿಬರುವ ಆರು ಮೀಟರ್ ಉದ್ದಕ್ಕೆ ತೆಗೆದುಕೊಳ್ಳೋಣ. ಅದರ ರೋಧ ಸುಮಾರು 0.041 ಓಮ್. ಐದು ಆಂಪಿಯರ್ ಹರಿದಾಗ ಅದರಲ್ಲಿ ಹುಟ್ಟುವ ಶಾಖ ಒಂದು ವ್ಯಾಟ್ ಮಾತ್ರ. ನೂರು ಆಂಪಿಯರ್ ಹರಿದರೆ? 400 ವ್ಯಾಟಿಗಿಂತಲೂ ಹೆಚ್ಚು! ಪ್ಲೈವುಡ್ ಗೋಡೆಯ ಹಿಂದೆ ಇಸ್ತ್ರಿಪೆಟ್ಟಿಗೆಯೊಂದನ್ನು ಕಾಯಲು ಬಿಟ್ಟಂತೆ. ಮನೆಗಳಿಗೆ ವೈರಿಂಗ್ ಮಾಡುವುದರಲ್ಲಿ ಪಳಗಿದ, ಪ್ರಾಮಾಣಿಕನಾದ ಕೆಲಸಗಾರನೇ ತನ್ನ ಅಭ್ಯಾಸದಂತೆ ಈ ತಂತಿಯನ್ನು ಎಳೆದಾನು. ದೋಷ ಅವನ ಕೈಯಲ್ಲಿಲ್ಲ. ಲೆಕ್ಕ ಮಾಡದೆ ಹೋದುದರಲ್ಲಿದೆ. ದಪ್ಪ ತಂತಿಯೂ, ಬ್ಯಾಟರಿಯ ಬಳಿಯಲ್ಲಿಯೇ ತಕ್ಕ ಫ್ಯೂಸೂ ಇರಲೇಬೇಕು.

ಬ್ಯಾಟರಿಯ ಶಕ್ತಿಗೂ ಮಿತಿಯುಂಟು. ಸುಡುಬಿಸಿಲಿನಲ್ಲಿ ನಿಂತ ಉಕ್ಕಿನ ವ್ಯಾನಿನಲ್ಲಿ ಮಲಗುವವರಿಗೆ ಎ.ಸಿ. ಬೇಕೆನಿಸುವುದು ಸಹಜ. ಒಂದು ಕಿಲೋವ್ಯಾಟಿನ ಎ.ಸಿ. ನಡುನಡುವೆ ನಿಂತು ನಡೆದರೂ ಒಂದು ರಾತ್ರಿಗೆ ನಾಲ್ಕೈದು ಯೂನಿಟ್ ತಿನ್ನುತ್ತದೆ. 150 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳಲ್ಲಿರುವುದು ಮೂರೂವರೆ ಯೂನಿಟಿನಷ್ಟು. ಸೀಸದ ಬ್ಯಾಟರಿಯಾದರೆ, ಬೇಗ ಕೆಡದಂತೆ ಅದರ ಅರ್ಧವನ್ನೇ ಬಳಸಬೇಕು. ಹೀಗಾಗಿ ಕೆಲವರು ಪೆಟ್ರೋಲ್ ಅಥವಾ ಡೀಸೆಲ್ ಜನರೇಟರನ್ನು ವ್ಯಾನಿನಲ್ಲಿಯೇ ಕೂರಿಸುತ್ತಾರೆ. ಅಲ್ಲಿ ಅತ್ಯಂತ ಘೋರವಾದ ಅಪಾಯ ಹೊಂಚುಹಾಕುತ್ತದೆ.

ಕಾಣದ ಅನಿಲ

2024ರ ಡಿಸೆಂಬರಿನಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯ ವಡಕರದಲ್ಲಿ ರಸ್ತೆಯ ಬದಿಯಲ್ಲಿ ನಿಂತಿದ್ದ ಕ್ಯಾರವಾನೊಂದರೊಳಗೆ ಇಬ್ಬರು ಸತ್ತುಬಿದ್ದಿದ್ದುದು ಕಂಡುಬಂದಿತು. ಕೋಳಿಕ್ಕೋಡಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ತಜ್ಞರು ಆ ವಾಹನವನ್ನು ಪರೀಕ್ಷಿಸಿ ನೋಡಿದರು. ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಅನಿಲ ತಳದಲ್ಲಿದ್ದ ರಂಧ್ರದ ಮೂಲಕ ಒಳನುಗ್ಗಿತ್ತೆಂದು ಅವರಿಗೆ ತಿಳಿದುಬಂತು. ಒಂದು ತೂತು, ಎರಡು ಜೀವ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಸಾಂದ್ರತೆ ಗಾಳಿಯದಕ್ಕೆ ಬಹುಮಟ್ಟಿಗೆ ಸಮನಾದುದರಿಂದ ಕೋಣೆಯನ್ನೆಲ್ಲ ಬೆರೆತು ತುಂಬುತ್ತದೆ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಮೀರಿದ ಪಟ್ಟು ಆಸಕ್ತಿಯಿಂದ ಇದನ್ನು ಹಿಡಿದುಕೊಳ್ಳುವುದರಿಂದ, ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ತಲುಪದು. ನಿದ್ರಿಸುತ್ತಿರುವವನಿಗೆ ಎಚ್ಚರವೇ ಆಗುವುದಿಲ್ಲ.

ಅಡಿಗೆಯ ಅನಿಲದ ಸ್ವಭಾವ ಬೇರೆ. ಅದರಲ್ಲಿರುವ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಸೋರಿದ ಅನಿಲ ನೀರಿನಂತೆ ಕೆಳಗಿಳಿದು ನೆಲದಲ್ಲಿ ಶೇಖರವಾಗುತ್ತದೆ; ಮೇಲಿನ ಕಿಟಕಿಯನ್ನು ತೆರೆದರೆ ಹೋಗದು. ಆದುದರಿಂದ ಸಿಲಿಂಡರನ್ನು ಒಳಕೋಣೆಯಿಂದ ಪ್ರತ್ಯೇಕವಾದ, ನೆಲದಿಂದ ನೇರವಾಗಿ ಹೊರಕ್ಕೆ ಗಾಳಿಕಿಂಡಿಯಿರುವ ಗೂಡಿನಲ್ಲಿಡಬೇಕು. ಆ ಕಿಂಡಿಯ ಬಳಿ ಜನರೇಟರಿನ ಹೊಗೆ ಸುಳಿಯಕೂಡದು. ನೋಡಿ, ಅಡಿಗೆಯ ಅನಿಲಕ್ಕಾಗಿ ತಳದಲ್ಲಿ ತೂತು ಬೇಕು. ಹೊಗೆಯ ಅನಿಲಕ್ಕಾಗಿ ತಳದಲ್ಲಿ ತೂತಿರಬಾರದು! ಈ ಎರಡು ಬೇಡಿಕೆಗಳನ್ನೂ ಒಟ್ಟಿಗೆ ಈಡೇರಿಸುವ ರಚನೆ ಊಹೆಯಿಂದ ಬಾರದು. ಯೋಚಿಸಿ ನಕ್ಷೆ ತೆಗೆಯಬೇಕು, ಪರೀಕ್ಷಿಸಬೇಕು. ಅನಿಲವನ್ನು ಗುರುತಿಸಿ ಕೂಗುವ ಸೂಚಕಗಳು ದೊರೆಯುತ್ತವೆ. ಅವಿಲ್ಲದೆ ಯಾರೂ ವ್ಯಾನಿನಲ್ಲಿ ಮಲಗಬಾರದು.

ಕಾನೂನು ಏನೆನ್ನುತ್ತದೆ?

1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣದ ಪ್ರಕಾರ, ತಯಾರಕರು ಮೂಲತಃ ಗೊತ್ತುಮಾಡಿದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅಕ್ರಮವಾದ ಪ್ರತಿಯೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಕಾರಾವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶವಾಯಿತು. ಮೋಟಾರ್ ಕ್ಯಾರವಾನುಗಳಿಗೆಂದೇ ಎ.ಐ.ಎಸ್. 124 ಎಂಬ ಮಾನಕವೊಂದಿದೆ. ಪುಣೆಯ ಎ.ಆರ್.ಎ.ಐ. ಮೊದಲಾದ ಪರೀಕ್ಷಾ ಸಂಸ್ಥೆಗಳು ವಾಹನದ ಮಾದರಿಯನ್ನು ಪರೀಕ್ಷಿಸಿ ಒಪ್ಪಿಗೆಯ ಪತ್ರವನ್ನು ಕೊಡುತ್ತವೆ. ಈ ಪತ್ರವಿಲ್ಲದ ಮನೆ ಎಷ್ಟೇ ಸುಂದರವಾಗಿದ್ದರೂ ಆರ್.ಟಿ.ಒ. ಕಚೇರಿಯಲ್ಲಿ ತೊಡಕಿಗೆ ಸಿಕ್ಕುವುದು. ಅಪಘಾತವಾದಾಗ ವಿಮೆಯ ಹಣಕ್ಕೂ ಅಡ್ಡಿ ಬಂದೀತು.

ಕಾರ್ಖಾನೆಯ ವಾಹನ ಏಕೆ ದುಬಾರಿಯೆಂಬುದಕ್ಕೂ ಉತ್ತರ ಭಾಗಶಃ ಇಲ್ಲಿಯೇ ಇದೆ. ಉದಾಹರಣೆಗೆ, ಒಂದು ಮಾದರಿಯ ರಚನೆಗೂ ಪರೀಕ್ಷೆಗೂ 30 ಲಕ್ಷ ರೂಪಾಯಿ ತಗಲಿತೆಂದು ಭಾವಿಸೋಣ. ಅಂತಹ 300 ವಾಹನಗಳು ಮಾರಾಟವಾದರೆ ಒಂದೊಂದರ ಪಾಲಿಗೆ 10,000. 30 ಮಾತ್ರ ಮಾರಾಟವಾದರೆ ಒಂದು ಲಕ್ಷ. ಒಂದೇ ಒಂದು ವ್ಯಾನನ್ನು ಕಟ್ಟುವವನು ಇಡೀ ವೆಚ್ಚವನ್ನು ಹೊರಲಾರ. ಪರೀಕ್ಷೆಯನ್ನೇ ಬಿಟ್ಟುಬಿಡುವ ಆಸೆ ಅವನಿಗೆ ಹುಟ್ಟುತ್ತದೆ. ಅವನ ಅಗ್ಗದ ಗುಟ್ಟು ಅನೇಕ ವೇಳೆ ಇಷ್ಟೇ.

ಆರಿಸುವ ಬಗೆ

ಹಾಗಾದರೆ ಮಾರ್ಪಾಟು ಮಾಡಿಸುವುದೇ ತಪ್ಪೆ? ಅಲ್ಲ. ಅದರ ಗುಣಗಳು ನಿಜವಾದವು. ಮನೆಯವರ ಎತ್ತರಕ್ಕೆ ತಕ್ಕ ಹಾಸಿಗೆ, ಅಜ್ಜಿಗೆ ಹತ್ತಲು ತಗ್ಗಾದ ಮೆಟ್ಟಿಲು, ಬೇಡವಾದುದನ್ನು ಬಿಡುವ ಸ್ವಾತಂತ್ರ್ಯ, ಕೆಟ್ಟರೆ ಕಟ್ಟಿದವನೇ ಹತ್ತಿರದಲ್ಲಿರುವ ಸೌಕರ್ಯ, ಇವು ಕಾರ್ಖಾನೆಯ ವಾಹನದಲ್ಲಿ ಸುಲಭವಾಗಿ ಸಿಕ್ಕವು. ಕಾರ್ಖಾನೆಯದೆಂದ ಮಾತ್ರಕ್ಕೆ ತೂಕದ ಲೆಕ್ಕದಿಂದ ಬಿಡುಗಡೆಯೂ ಇಲ್ಲ. ಕೊಂಡವನು ಛಾವಣಿಯ ಮೇಲೆ ಸಾಮಾನು ಹೇರಿದರೆ ಗುರುತ್ವಕೇಂದ್ರ ಕಂಪನಿಯ ಹೆಸರನ್ನು ನೋಡಿ ಕೆಳಗೆ ನಿಲ್ಲುವುದಿಲ್ಲ.

ನಿಜವಾದ ಗೆರೆ ಕಾರ್ಖಾನೆಗೂ ಗ್ಯಾರೇಜಿಗೂ ನಡುವೆ ಇಲ್ಲ. ಅಳೆದು ಕಟ್ಟಿದುದಕ್ಕೂ ಅಂದಾಜಿನಿಂದ ಕಟ್ಟಿದುದಕ್ಕೂ ನಡುವೆ ಇದೆ. ಎರಡರ ಗುಣಗಳನ್ನೂ ಕೂಡಿಸುವ ದಾರಿಯೂ ಉಂಟು. 2022ರಲ್ಲಿ ಮಹೀಂದ್ರ ಸಂಸ್ಥೆ ಮದರಾಸಿನ ಐ.ಐ.ಟಿ.ಯ ಆಶ್ರಯದಲ್ಲಿ ಬೆಳೆದ ಕ್ಯಾಂಪರ್‌ವ್ಯಾನ್ ಫ್ಯಾಕ್ಟರಿ ಎಂಬ ಸಂಸ್ಥೆಯೊಡನೆ ಬೊಲೆರೊ ವಾಹನದ ಆಧಾರದ ಮೇಲೆ ಕ್ಯಾಂಪರುಗಳನ್ನು ತರಲು ಒಪ್ಪಂದ ಮಾಡಿಕೊಂಡಿತು. ವಾಹನ ಒಬ್ಬರದು, ಮನೆ ಇನ್ನೊಬ್ಬರದು, ಹೊಣೆ ಇಬ್ಬರದು: 1951ರ ಜರ್ಮನ್ ಪದ್ಧತಿಯೇ ಇದು. ಅನುಮೋದಿತ ಮಾದರಿಯನ್ನು ಇಟ್ಟುಕೊಂಡಿರುವ ಸ್ವತಂತ್ರ ಕುಶಲಿ ಸಿಕ್ಕಿದರೆ ಅವನ ಬಳಿಗೆ ನಿಶ್ಚಿಂತೆಯಿಂದ ಹೋಗಬಹುದು. ಅನುಮೋದನೆಯೂ ಇಲ್ಲ, ತೂಕದ ಪಟ್ಟಿಯೂ ಇಲ್ಲ, ವೈರಿಂಗಿನ ನಕ್ಷೆಯೂ ಇಲ್ಲವೆಂದರೆ, ಬೆಲೆ ಎಷ್ಟು ಇಳಿದರೂ ಹಿಂದಕ್ಕೆ ಬರುವುದೇ ಲೇಸು.

ಮನೆಯ ಹಿರಿಯರು ಇಂತಹ ವಾಹನವನ್ನು ನೋಡಲು ಹೊರಟಾಗ ವಿದ್ಯಾರ್ಥಿಗಳು ಜೊತೆಯಲ್ಲಿ ಹೋಗಿ ಆರು ಪ್ರಶ್ನೆಗಳನ್ನು ಕೇಳಲಿ. ಮಾದರಿಗೆ ಒಪ್ಪಿಗೆಯ ಪತ್ರವಿದೆಯೆ? ನೀರು ತುಂಬಿ, ಜನ ಕುಳಿತಾಗ ಒಟ್ಟು ತೂಕವೆಷ್ಟು, ಮಿತಿಯೆಷ್ಟು? ಒಂದೊಂದು ಅಚ್ಚಿನ ಮೇಲೆ ಎಷ್ಟು? ಸೀಟುಗಳೂ ಬೀರುಗಳೂ ಯಾವುದಕ್ಕೆ ಬಂಧಿತವಾಗಿವೆ? ಬ್ಯಾಟರಿಯ ತಂತಿಯ ದಪ್ಪವೆಷ್ಟು, ಫ್ಯೂಸು ಎಲ್ಲಿದೆ? ಅನಿಲ ಸೋರಿದರೆ ಎಲ್ಲಿಂದ ಹೊರಗೆ ಹೋಗುತ್ತದೆ, ಹೊಗೆ ಎಲ್ಲಿಂದ ಒಳಗೆ ಬರಬಹುದು?

ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತರವನ್ನು ಯಾರ ಬಾಯಿಂದಲೂ ಕೇಳಬೇಕಾಗಿಲ್ಲ. ಲಾರಿಗಳು ತೂಗಿಸಿಕೊಳ್ಳುವ ವೇಬ್ರಿಡ್ಜಿಗೆ ವ್ಯಾನನ್ನು ಒಯ್ದರೆ ಸಾಕು. ಮೊದಲು ಮುಂದಿನ ಚಕ್ರಗಳನ್ನು ಮಾತ್ರ ತೂಕದ ಹಲಗೆಯ ಮೇಲೆ ನಿಲ್ಲಿಸಿ. ಬಳಿಕ ಇಡೀ ವ್ಯಾನನ್ನು. ಕೊನೆಯಲ್ಲಿ ಹಿಂದಿನ ಚಕ್ರಗಳನ್ನು ಮಾತ್ರ. ಮೊದಲನೆಯ ಮತ್ತು ಮೂರನೆಯ ತೂಕಗಳ ಮೊತ್ತ ಎರಡನೆಯದಕ್ಕೆ ಸಮನಾಗಬೇಕು. ಈ ಸಣ್ಣ ಪ್ರಯೋಗಕ್ಕೆ ತಗಲುವುದು ಕೆಲವೇ ನಿಮಿಷ. ಅದರ ಚೀಟಿಯಲ್ಲಿ ಮುದ್ರಿತವಾಗುವ ಮೂರು ಅಂಕಿಗಳು ಮಾರುವವನ ಮಾತಿಗಿಂತ ನಂಬಿಕೆಗೆ ಅರ್ಹವಾದುವು.